ನಲವತ್ತನೇ ದಿನದ ಹಳದಿ ಎಲೆ

ಬೋನ್ಸಾಯ್ ಕಾರ್ಯಾಗಾರದ ಕೊನೆಗೆ ತೆಗೆಯುವ ಗುಂಪು ಫೋಟೋ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಒಂದೂವರೆಗೆ ಮುಗಿದಿರುತ್ತದೆ. ಹದಿನೈದಿಪ್ಪತ್ತು ಜನ ಮಣ್ಣು ಮೆತ್ತಿದ ಕೈಯಲ್ಲಿ ಒಂದೊಂದು ತಟ್ಟೆಕುಂಡ ಎದೆಗೊತ್ತಿಕೊಂಡು ಸಾಲಾಗಿ ನಿಂತಿರುತ್ತಾರೆ. ಕುಂಡದಲ್ಲಿ ಗೇಣುದ್ದದ ಫೈಕಸ್ (ಆಲ, ಅರಳಿಯ ಬಳಗದ ಗಿಡ), ಮೈತುಂಬ ಹೊಳೆಯುವ ತಂತಿ, ಬುಡದಲ್ಲಿ ಅಂಗೈಯಗಲ ಪಾಚಿ, ಪಾಚಿಯ ಮೇಲೊಂದು ಬಿಳಿ ಕಲ್ಲು. ಅದೇ ಸಂಜೆ ವಾಟ್ಸಾಪ್ ಗುಂಪೊಂದು ಹುಟ್ಟುತ್ತದೆ. ಮೊದಲ ವಾರ ಚಪ್ಪಾಳೆ, ಎರಡು ಮೂರನೇ ವಾರ ಮೌನ, ಆಮೇಲೆ ಸುಮಾರು ನಲವತ್ತನೇ ದಿನಕ್ಕೆ ಹಳದಿ ಎಲೆಯ ಫೋಟೋಗಳು. "ಮೇಡಂ, ಎಲೆ ಹಣ್ಣಾಗಿ ಉದುರ್ತಾ ಇದೆ, ಏನ್ ಮಾಡ್ಲಿ?" ನೀರು ಕಮ್ಮಿಯಾಗಿದೆ ಅಂತ ಒಬ್ಬರು, ಜಾಸ್ತಿಯಾಗಿದೆ ಅಂತ ಇನ್ನೊಬ್ಬರು, ಬೇವಿನೆಣ್ಣೆ ಹೊಡೀರಿ ಅಂತ ಮೂರನೆಯವರು. ದೃಷ್ಟಿ ತೆಗೆಯಿರಿ ಅನ್ನುವವರೂ ಇರುತ್ತಾರೆ. ಕಲಿಸಿದವರು ರಾತ್ರಿ ಬಂದು "ಬಿಸಿಲಲ್ಲಿ ಇಟ್ಟಿದ್ದೀರಾ, ಒಳಗಾ?" ಎಂದು ಕೇಳುವಷ್ಟರಲ್ಲಿ ಇನ್ನೂ ಎರಡು ಫೋಟೋ ಬಂದಿರುತ್ತವೆ.

ಈ ಗುಂಪುಗಳನ್ನು ಸಾಕಷ್ಟು ನೋಡಿದವರಿಗೆ ಒಂದು ವಿಷಯ ಕೊರೆಯುತ್ತದೆ. ಆ ಮೂರೂವರೆ ಗಂಟೆಯಲ್ಲಿ ಕಲಿಸುವುದೆಲ್ಲ ಕತ್ತರಿಯ ಕೆಲಸ. ಆದರೆ ಕತ್ತರಿಯಿಂದ ಸಾಯುವ ಗಿಡ ಬಹಳ ಕಮ್ಮಿ. ಸಾಯುವುದೆಲ್ಲ ನೀರಿನಿಂದ, ನೀರು ನಿಲ್ಲುವ ಮಣ್ಣಿನಿಂದ, ಮನೆಯೊಳಗಿನ ಟೀಪಾಯಿಯಿಂದ. ಇದಕ್ಕೆ ಕಲಿಸುವವರನ್ನೇ ದೂರಿ ಪ್ರಯೋಜನವಿಲ್ಲ. ಕತ್ತರಿಸುವುದನ್ನು ಒಂದು ಬೆಳಿಗ್ಗೆಯಲ್ಲಿ ತೋರಿಸಬಹುದು, ಕೈಹಿಡಿದು ಮಾಡಿಸಬಹುದು. ನೀರು ಹಾಕುವುದನ್ನು ಹೇಗೆ ತೋರಿಸುವುದು? ಜಪಾನಿನಲ್ಲಿ ಈ ಕಸುಬಿನವರು ನೀರು ಹಾಕುವುದು ಕಲಿಯಲಿಕ್ಕೇ ಮೂರು ವರ್ಷ ಬೇಕು ಅನ್ನುತ್ತಾರೆ. ಅಲ್ಲಿ ಗುರುವಿನ ಮನೆಯಲ್ಲಿದ್ದು ಕಲಿಯುವ ಹುಡುಗ ಐದಾರು ವರ್ಷ ದುಡಿಯುತ್ತಾನೆ, ಮೊದಮೊದಲು ಅವನ ಕೈಗೆ ಸಿಗುವುದು ಪೊರಕೆ ಮತ್ತು ನೀರಿನ ಕ್ಯಾನು. ಟೋಕಿಯೊ ಹತ್ತಿರದ ಒಮಿಯಾದಲ್ಲಿ ಬೋನ್ಸಾಯ್ ತೋಟಗಳದ್ದೇ ಒಂದು ಊರಿದೆ. 1923ರ ಭೂಕಂಪದಲ್ಲಿ ಟೋಕಿಯೊ ಹಾಳಾದ ಮೇಲೆ ಒಳ್ಳೆಯ ನೀರು, ಗಾಳಿ, ಜಾಗ ಹುಡುಕಿಕೊಂಡು ಹೊರಟ ತೋಟಗಾರರು 1925ರಲ್ಲಿ ಕಟ್ಟಿಕೊಂಡದ್ದು. ನಮ್ಮಲ್ಲಿ ಆ ಗುರುಮನೆ ಇಲ್ಲ. ನಮಗಿರುವುದು ಭಾನುವಾರದ ಕಾರ್ಯಾಗಾರ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ನಿಂತು ನೋಡುವ ಹತ್ತು ನಿಮಿಷ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟದಲ್ಲಿ ಒಂದು ಸುತ್ತು. ಹಾಗಾಗಿ ಕಾರ್ಯಾಗಾರವನ್ನು ತಳ್ಳಿಹಾಕುವ ಹಾಗಿಲ್ಲ. ಅದರಲ್ಲಿ ಏನು ಕಲಿಯಬಹುದು, ಯಾವುದನ್ನು ಅವತ್ತು ಮಾಡಲೇಬಾರದು ಅನ್ನುವುದು ಗೊತ್ತಿರಬೇಕು, ಅಷ್ಟೆ.

ಒಂದೇ ದಿನ ನಾಲ್ಕು ಆಪರೇಷನ್

ನರ್ಸರಿಯ ಕಪ್ಪು ಕವರಿನಿಂದ ತೆಗೆದ ಗಿಡಕ್ಕೆ ಅವತ್ತು ಏನೇನು ಆಗುತ್ತದೆ ನೋಡಿ. ಬೇರು ಮೂರನೇ ಒಂದು ಭಾಗ ಹೋಗುತ್ತದೆ. ಕೊಂಬೆ ಅರ್ಧಕ್ಕರ್ಧ ಹೋಗುತ್ತವೆ. ಉಳಿದ ಕೊಂಬೆಗೆ ತಂತಿ ಸುತ್ತಿ ಬಗ್ಗಿಸುತ್ತಾರೆ. ಕೊನೆಗೆ ಒಂದಡಿ ಆಳದಲ್ಲಿದ್ದದ್ದನ್ನು ಎರಡಿಂಚಿನ ತಟ್ಟೆಗೆ ಇಳಿಸುತ್ತಾರೆ. ಇವುಗಳಲ್ಲಿ ಯಾವುದಾದರೂ ಒಂದು ಆಗಿದ್ದರೆ ಗಿಡ ತಡೆದುಕೊಳ್ಳುತ್ತದೆ. ನಾಲ್ಕೂ ಒಟ್ಟಿಗೆ ಆದಾಗ ಅದು ಯಾವ ಜಾತಿ, ಯಾವ ತಿಂಗಳು ಅನ್ನುವುದರ ಮೇಲೆ ಎಲ್ಲವೂ ನಿಲ್ಲುತ್ತದೆ. ಜೂನ್ ತಿಂಗಳ ಬೆಂಗಳೂರಿನಲ್ಲಿ ಫೈಕಸ್ ಇಷ್ಟನ್ನೂ ನುಂಗಿಕೊಂಡು ಮೂರೇ ವಾರದಲ್ಲಿ ಚಿಗುರುತ್ತದೆ. ನರ್ಸರಿಗಳಲ್ಲಿ ಲಾಂಗ್ ಐಲ್ಯಾಂಡ್ ಅಂತ ಕೇಳಿದರೆ ಕೊಡುವ ಸಣ್ಣೆಲೆಯ ಫೈಕಸ್ ಕಾರ್ಯಾಗಾರದವರಿಗೆ ಅಚ್ಚುಮೆಚ್ಚು ಆಗಿರುವುದು ಅದಕ್ಕೇ. ಕಾಗದದ ಹೂವಿನ ಗಿಡಕ್ಕೆ ಹಾಗೆ ಮಾಡಿದರೆ ಮುಗಿಯಿತು. ಅದರ ಬೇರು ನಾಜೂಕು, ಬುಡದ ಮಣ್ಣಿನ ಹೆಂಟೆ ಒಡೆದರೆ ಸಾಕು, ಗಿಡವೇ ಹೋಗುತ್ತದೆ. ಜುನಿಪರ್ ಇನ್ನೂ ಮೋಸ. ಸತ್ತ ಮೇಲೂ ತಿಂಗಳೊಪ್ಪತ್ತು ಹಸಿರಾಗಿಯೇ ಇರುತ್ತದೆ. ಐದನೇ ವಾರ ಕಂದು ಬಣ್ಣಕ್ಕೆ ತಿರುಗಿದಾಗ ಮನೆಯವರು ನಿನ್ನೆ ಮೊನ್ನೆ ಏನು ತಪ್ಪು ಮಾಡಿದೆವು ಎಂದು ಯೋಚಿಸುತ್ತಾರೆ. ಅದು ಹೋದದ್ದು ಕಾರ್ಯಾಗಾರದ ವಾರವೇ.

ಕತ್ತರಿ ಎತ್ತುವ ಮುಂಚೆ ಮಾಡಬೇಕಾದ ಒಂದು ಕೆಲಸವನ್ನು ಅವಸರದಲ್ಲಿ ಬಿಡುತ್ತಾರೆ. ಬುಡ ಹುಡುಕುವುದು. ನರ್ಸರಿ ಗಿಡವನ್ನು ಕವರಿನಿಂದ ಕವರಿಗೆ ಬದಲಿಸುವಾಗ ಪ್ರತಿ ಸಲವೂ ಮೇಲಷ್ಟು ಮಣ್ಣು ಸುರಿದಿರುತ್ತಾರೆ. ಕಾಂಡ ಅಗಲವಾಗಿ ಬೇರಾಗಿ ಒಡೆಯುವ ಜಾಗ ಎರಡು ಮೂರು ಇಂಚು ಕೆಳಗೆ ಹೂತಿರುತ್ತದೆ. ಕಾಂಡದ ಸುತ್ತ ಬೆರಳಲ್ಲಿ ಕೆದಕುತ್ತ ಹೋಗಿ ಮೊದಲ ದಪ್ಪ ಬೇರು ಸಿಕ್ಕಿದ ಮೇಲೆ ಗಿಡದ ಮುಖ, ಅಂದರೆ ನೋಡುವವರ ಕಡೆಗಿರುವ ಮಗ್ಗುಲು, ಯಾವುದು ಅಂತ ನಿರ್ಧರಿಸಬೇಕು. ಮೇಲಿನ ಕೊಂಬೆ ನೋಡಿ ಮುಖ ನಿರ್ಧರಿಸಿ, ಎಲ್ಲ ಸವರಿ ಆದ ಮೇಲೆ ಕೆದಕಿ ನೋಡಿದರೆ ಒಳ್ಳೆಯ ಬೇರೆಲ್ಲ ಹಿಂದುಗಡೆ ಇರುತ್ತವೆ. ಕತ್ತರಿಸಿದ ಕೊಂಬೆ ವಾಪಸ್ ಬರುವುದಿಲ್ಲ.

ಬೇರಿನ ಕೆಲಸ ಹೀಗೆ. ಹಿಂದಿನ ದಿನ ನೀರು ಹಾಕಬಾರದು, ಅರೆತೇವ ಇದ್ದರೆ ಮಣ್ಣು ಸಲೀಸಾಗಿ ಬಿಡುತ್ತದೆ. ಬಾಗಿಸಿದ ಫೋರ್ಕಿನಿಂದ ಬುಡದಿಂದ ಹೊರಕ್ಕೆ, ತಲೆ ಬಾಚಿದ ಹಾಗೆ ಬಿಡಿಸಬೇಕು. ನೇರ ಕೆಳಗಿಳಿದ ತಾಯಿಬೇರನ್ನೂ ಕೆಳಮುಖವಾದ ದಪ್ಪ ಬೇರುಗಳನ್ನೂ ಬುಡಕ್ಕೇ ತೆಗೆದು, ಅಡ್ಡಕ್ಕೆ ಹರಡಿದ ಬೇರು ಮತ್ತು ಕೂದಲೆಳೆಯಂಥ ಬೇರುಗಳನ್ನು ಉಳಿಸಬೇಕು. ನೀರು ಕುಡಿಯುವುದು ಈ ಎಳೆಬೇರು. ದಪ್ಪದ್ದನ್ನು ಜೋಪಾನ ಮಾಡಿ ಇದನ್ನು ಕಿತ್ತುಹಾಕುವುದು ಹೊಸಬರು ಮಾಡುವ ಮೊದಲ ತಪ್ಪು. ಇಷ್ಟು ಹೊತ್ತೂ ಪಕ್ಕದಲ್ಲೊಂದು ಸ್ಪ್ರೇ ಬಾಟಲಿ ಇರಬೇಕು. ಬೇರು ಬಯಲಿಗೆ ಬಿದ್ದು ಗಾಳಿಗೆ ಒಣಗುತ್ತಿರುವಾಗ ಗಿಡ ಹಿಡಿದುಕೊಂಡು ಸೆಲ್ಫಿ ತೆಗೆಯುವವರಿದ್ದಾರೆ. ಏಪ್ರಿಲ್ ಬಿಸಿಲಿನಲ್ಲಿ ಹತ್ತು ನಿಮಿಷ ಹಾಗೆ ನಿಂತರೆ ಎಳೆಬೇರಿನ ಕಥೆ ಮುಗಿದ ಹಾಗೆ.

ತಟ್ಟೆಯ ತೂತಿಗೆ ಪ್ಲಾಸ್ಟಿಕ್ ಜಾಲರಿ ಇಟ್ಟು ತಂತಿಯಿಂದ ಬಿಗಿದು, ಗಿಡ ಕಟ್ಟಲಿಕ್ಕೆ ಬೇರೊಂದು ತಂತಿಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿಟ್ಟುಕೊಂಡು, ನಡುವೆ ಮಣ್ಣಿನ ಸಣ್ಣ ಗುಡ್ಡೆ ಮಾಡಿ, ಅದರ ಮೇಲೆ ಗಿಡವನ್ನು ಎಡಕ್ಕೂ ಬಲಕ್ಕೂ ತಿರುಚುತ್ತ ಒತ್ತಿ ಕೂರಿಸಬೇಕು. ಆಮೇಲೆ ಬೇರಿನ ಮೇಲಿಂದ ತಂತಿ ಹಾಯಿಸಿ ಕಟ್ಟಬೇಕು. ಕಾಂಡ ಹಿಡಿದು ಎತ್ತಿದರೆ ಕುಂಡವೂ ಜೊತೆಗೇ ಬರಬೇಕು, ಅಷ್ಟು ಬಿಗಿ. ಹೊತ್ತಾಯಿತು ಅಂತ ಮೊದಲು ಕೈಬಿಡುವುದೂ ಈ ಕಟ್ಟುವ ಕೆಲಸವನ್ನೇ. ಕಟ್ಟದ ಗಿಡ ತಾರಸಿಯ ಗಾಳಿಗೆ ಅಲುಗುತ್ತಿರುತ್ತದೆ. ಹೊಸ ಬೇರಿನ ತುದಿ ರಾತ್ರಿ ಒಡೆದರೆ ಹಗಲು ಮುರಿಯುತ್ತದೆ. ಕಟ್ಟಿದ ಮೇಲೆ ಮಣ್ಣು ತುಂಬಿ, ಚೀನೀ ಹೋಟೆಲಿನ ಊಟದ ಕಡ್ಡಿಯಂಥದ್ದರಿಂದ ಅಲ್ಲಾಡಿಸುತ್ತ ಬೇರಿನ ಸಂದಿಗೆಲ್ಲ ಇಳಿಸಬೇಕು. ಭರ್ಚಿಯ ಹಾಗೆ ಚುಚ್ಚಬಾರದು. ಮಣ್ಣು ಅಂಚಿಗಿಂತ ಅರ್ಧ ಸೆಂಟಿಮೀಟರ್ ಕೆಳಗಿರಲಿ, ಇಲ್ಲದಿದ್ದರೆ ಹಾಕಿದ ನೀರು ಒಳಗಿಳಿಯದೆ ಪಕ್ಕಕ್ಕೆ ಹರಿದುಹೋಗುತ್ತದೆ. ಕೊನೆಗೆ ಸಣ್ಣ ತೂತಿನ ಜಾಲಿ ಇರುವ ಕ್ಯಾನಿನಲ್ಲಿ, ತಳದಿಂದ ಬರುವ ನೀರು ತಿಳಿಯಾಗುವವರೆಗೂ ಹಾಕಬೇಕು. ಕೆಂಪಗೆ ಬರುತ್ತಿದ್ದರೆ ಮಣ್ಣು ಸರಿಯಾಗಿ ಜರಡಿ ಹಿಡಿದಿಲ್ಲ ಅಂತ ಅರ್ಥ.

ಪಾತ್ರೆ ಉಜ್ಜುವ ಸ್ಪಂಜು

ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ಕಂಡ ಹತ್ತು ನಿಮಿಷದ ಪಾಠ ಇದು. ಕಲಿಸುತ್ತಿದ್ದ ಹೆಂಗಸು ಚೀಲದಿಂದ ಅಡುಗೆಮನೆಯ ಹಳದಿ ಸ್ಪಂಜು ತೆಗೆದರು. ಬಕೆಟ್ಟಿನಲ್ಲಿ ಪೂರ್ತಿ ಅದ್ದಿ, ಹಿಂಡದೆ, ಅಂಗೈ ಮೇಲೆ ಅಡ್ಡ ಮಲಗಿಸಿ ಹಿಡಿದರು. ನೀರು ಸುರಿಯಿತು, ತೊಟ್ಟಿಕ್ಕಿತು, ನಿಂತಿತು. "ಎಲ್ಲಾ ಹೋಯ್ತಾ?" ಎಂದು ಕೇಳಿದರು. ಹೋಯ್ತು ಅಂತ ಎಲ್ಲರೂ ಅಂದರು. ಅದನ್ನೇ ಉದ್ದದ ಅಂಚಿನ ಮೇಲೆ ನಿಲ್ಲಿಸಿದರು, ಮತ್ತೆ ಧಾರೆಯಾಗಿ ನೀರು ಬಂತು. ಅದೂ ನಿಂತಿತು. ಈಗ ನೆಟ್ಟಗೆ ನಿಲ್ಲಿಸಿದರು, ಇನ್ನಷ್ಟು ಬಂತು. ಸ್ಪಂಜು ಅದೇ, ಕೈ ಅದೇ, ಯಾರೂ ಹಿಂಡಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ "ಹಂಗಾದ್ರೆ ಮಲಗಿಸಿದಾಗ ಅಷ್ಟು ನೀರು ಒಳಗೇ ಇತ್ತಾ ಮೇಡಂ?" ಎಂದ. "ಇತ್ತಲ್ಲಪ್ಪಾ. ನೀವೆಲ್ಲ ಇವತ್ತು ಗಿಡಾನ ಆ ಮಲಗಿರೋ ಸ್ಪಂಜಿಗೆ ಹಾಕ್ತಿದ್ದೀರ" ಎಂದರು ಅವರು.

ಬೋನ್ಸಾಯ್ ಮಣ್ಣಿನ ವಿಚಾರವೆಲ್ಲ ಇಷ್ಟರಲ್ಲಿದೆ. ಯಾವ ಕುಂಡದಲ್ಲೂ ನೀರು ಹರಿದುಹೋದ ಮೇಲೆ ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಉಳಿಯುತ್ತದೆ, ಅಲ್ಲಿ ಗಾಳಿಗೆ ಜಾಗವಿಲ್ಲ. ಆ ಪದರದ ಎತ್ತರ ನಿರ್ಧಾರವಾಗುವುದು ಮಣ್ಣಿನ ಕಣದ ಗಾತ್ರದಿಂದ, ಕುಂಡದ ಆಳದಿಂದಲ್ಲ. ಅದೇ ಮಣ್ಣಿನ ಪದರ ಒಂದಿಂಚು ಅಂತಿಟ್ಟುಕೊಳ್ಳಿ. ಹನ್ನೆರಡಿಂಚಿನ ಕುಂಡದಲ್ಲಿ ಬೇರಿಗೆ ಇನ್ನೂ ಹನ್ನೊಂದಿಂಚು ಉಸಿರಾಡುವ ಜಾಗ. ಎರಡಿಂಚಿನ ತಟ್ಟೆಯಲ್ಲಿ ಅರ್ಧಕ್ಕರ್ಧ ಕೆಸರು. ತುಳಸಿಗೆ, ದಾಸವಾಳಕ್ಕೆ ಚೆನ್ನಾಗಿ ಒಗ್ಗಿದ ಕೆಂಪುಮಣ್ಣು ಗೊಬ್ಬರದ ಮಿಶ್ರಣ ತಟ್ಟೆಯಲ್ಲಿ ಗಿಡ ಕೊಲ್ಲುವುದು ಹೀಗೆ. ಕಣ ದೊಡ್ಡದಾದಷ್ಟೂ ಆ ಪದರ ತೆಳುವಾಗುತ್ತದೆ. ತಳಕ್ಕೆ ಜಲ್ಲಿ ಹಾಕಿ, ನೀರು ಬಸಿಯುತ್ತದೆ ಅಂತ ಹೇಳುವವರಿದ್ದಾರೆ. ಜಲ್ಲಿಯ ಮೇಲೆ ಸಣ್ಣ ಮಣ್ಣು ಇದ್ದರೆ ಆ ಕೆಸರಿನ ಪದರ ಜಲ್ಲಿಯ ಮೇಲಕ್ಕೇರಿ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ ಲಾಭ.

ನಮ್ಮೂರಿನ ಹವೆಗೆ ಹೊಂದುವ ಮಿಶ್ರಣವೊಂದು: ಅಳತೆಯ ಲೆಕ್ಕದಲ್ಲಿ ಹತ್ತು ಪಾಲಿದ್ದರೆ ಐದು ಪಾಲು ಇಟ್ಟಿಗೆ ಚೂರು, ಎರಡು ಪಾಲು ದಪ್ಪ ಮರಳು, ಎರಡು ಪಾಲು ಚೆನ್ನಾಗಿ ಕಳಿತು ಜರಡಿಯಾದ ಎಲೆಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಇದ್ದಿಲ ಚೂರು. ಎರಡು ಜರಡಿ ಬೇಕು. ಐದು ಮಿಲಿಮೀಟರಿನದರಲ್ಲಿ ಇಳಿಯದ್ದು ದೊಡ್ಡ ಕುಂಡಕ್ಕೆ, ಎರಡು ಮಿಲಿಮೀಟರಿನದರಲ್ಲಿ ಇಳಿದುಹೋದದ್ದು ಬೇಡ. ನಡುವೆ ಉಳಿದದ್ದೇ ಮಾಲು. ಇಟ್ಟಿಗೆಯಲ್ಲೂ ಎಲ್ಲವೂ ಆಗುವುದಿಲ್ಲ. ಸರಿಯಾಗಿ ಬೇಯದ ಇಟ್ಟಿಗೆ ಒಂದೇ ಮಳೆಗಾಲಕ್ಕೆ ಕರಗಿ ಜೇಡಿಯಾಗುತ್ತದೆ. ಚೂರನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಬೆಳಿಗ್ಗೆ ಬೆರಳಲ್ಲಿ ಹಿಸುಕಿ ನೋಡಿ, ಪುಡಿಯಾಗದಿದ್ದರೆ ತಗೊಳ್ಳಿ. ಕಟ್ಟಡ ಒಡೆದ ಇಟ್ಟಿಗೆಯಾದರೆ ಸಿಮೆಂಟು ಗಾರೆ ಅಂಟಿದ ತುಂಡು ಬೇಡ, ಅದರ ಸುಣ್ಣದಿಂದ ಎಲೆ ಬಿಳುಚುತ್ತದೆ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದು ತೊಳೆದು ಅದರ ಬೂದಿಯಂಥ ಪುಡಿಯನ್ನೆಲ್ಲ ಕಳೆಯಬೇಕು. ಜಪಾನಿನ ಅಕಡಮ ಮಣ್ಣು ಚೆನ್ನಾಗಿಯೇ ಇರುತ್ತದೆ, ಕಾಂಟೊ ಬಯಲಿನ ಜ್ವಾಲಾಮುಖಿ ಜೇಡಿ ಅದು. ಅಲ್ಲಿನವರು ತಮ್ಮ ಕಾಲಡಿಯಲ್ಲಿ ಸಿಕ್ಕಿದ್ದನ್ನು ಬಳಸಿದರು. ನಮ್ಮ ಕಾಲಡಿಯಲ್ಲಿ ಸಿಗುವುದು ಇಟ್ಟಿಗೆ. ಚೀಲಕ್ಕೆ ದುಬಾರಿ ಕಾಸು ಕೊಟ್ಟು ಅಕಡಮ ತರಿಸಿ ಲಾಂಗ್ ಐಲ್ಯಾಂಡ್ ಫೈಕಸ್‌ಗೆ ಹಾಕುವುದು ಶೋಕಿ, ಅವಶ್ಯಕತೆಯಲ್ಲ.

ಮಣ್ಣು ಸರಿಯಿದ್ದರೆ ನೀರಿನ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಉಳಿದರ್ಧ ಕಣ್ಣಿನ ಅಭ್ಯಾಸ. "ದಿನಕ್ಕೆ ಎಷ್ಟು ಸಲ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುವವರನ್ನು ನಂಬಬೇಡಿ. ಏಪ್ರಿಲ್‌ನಲ್ಲಿ ತಾರಸಿ ಮೇಲಿನ ತಟ್ಟೆಗೆ ದಿನಕ್ಕೆರಡು ಸಲವೂ ಸಾಲದು, ಆಗಸ್ಟಿನ ಜಡಿಮಳೆಯಲ್ಲಿ ನಾಲ್ಕು ದಿನ ಮುಟ್ಟುವಂತಿಲ್ಲ. ಒಂದು ಬಿದಿರು ಕಡ್ಡಿಯನ್ನು ಅಂಚಿನ ಹತ್ತಿರ ತಳದವರೆಗೂ ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಎಲ್ಲಿಯವರೆಗೆ ಬಣ್ಣ ಗಾಢವಾಗಿದೆಯೋ ಅಲ್ಲಿಯವರೆಗೆ ಪಸೆ ಇದೆ. ಕುಂಡ ಎತ್ತಿ ತೂಕ ನೋಡಿ, ಎರಡು ವಾರದಲ್ಲಿ ಕೈಗೇ ತಿಳಿಯುತ್ತದೆ. ಹಳದಿ ಎಲೆಯಲ್ಲೂ ವ್ಯತ್ಯಾಸ ಇದೆ. ನೀರು ಸಾಲದಿದ್ದರೆ ಎಲೆ ಅಂಚಿನಿಂದ ಒಣಗಿ ಗರಿಗರಿಯಾಗುತ್ತದೆ, ಮಣ್ಣು ಕುಂಡದ ಗೋಡೆ ಬಿಟ್ಟು ಒಳಕ್ಕೆ ಸರಿದಿರುತ್ತದೆ. ನೀರು ಹೆಚ್ಚಾಗಿದ್ದರೆ ಒಳಗಿನ, ಕೆಳಗಿನ ಎಲೆ ಮೊದಲು ಮೆತ್ತಗೆ ಹಳದಿಯಾಗಿ ಬೆರಳು ತಾಗಿದರೆ ಸಾಕು ಉದುರುತ್ತದೆ. ಅನುಮಾನ ಇದ್ದರೆ ಅಂಚಿನ ಒಂದು ಎಳೆಬೇರು ಎಳೆದು ನೋಡಿ. ಸಿಪ್ಪೆ ಕಳಚಿ ನಡುವಿನ ದಾರ ಮಾತ್ರ ಕೈಗೆ ಬಂದರೆ ಅದು ಕೊಳೆತಿದೆ. ಇನ್ನು ಫೈಕಸ್‌ಗೆ ಮೂರನೇ ಕಾಯಿಲೆಯೂ ಇದೆ, ಜಾಗ ಬದಲಾದ ಮುನಿಸು. ಬಿಸಿಲಲ್ಲಿದ್ದದ್ದನ್ನು ಹಾಲಿನ ಟಿವಿ ಪಕ್ಕಕ್ಕೆ ತಂದಿಟ್ಟರೆ ಯಾವ ತಪ್ಪೂ ಮಾಡದೆ ಅರ್ಧ ಎಲೆ ಉದುರಿಸಿಬಿಡುತ್ತದೆ.

ಕಸಿ ಗೊತ್ತಿದ್ದವರು

ಚಿಕ್ಕಮಗಳೂರು ಕಡೆಯ ಹಿರಿಯರೊಬ್ಬರು ಒಂದು ಕಾರ್ಯಾಗಾರಕ್ಕೆ ಮಗಳ ಜೊತೆ ಬಂದಿದ್ದರು. ಮಗಳಿಗೆ ಆಸೆ, ಇವರು ಬರೀ ಡ್ರೈವರ್. ಕೊಂಬೆ ಆರಿಸುವ ಹೊತ್ತು ಬಂದಾಗ ಕೋಣೆಯಲ್ಲಿ ಎಲ್ಲರ ಕತ್ತರಿಯೂ ಗಾಳಿಯಲ್ಲಿ ನಿಂತಿತ್ತು. ಮುಟ್ಟಲು ಭಯ. ಇವರು ಪಕ್ಕದಲ್ಲಿ ಕೂತಿದ್ದವರು ಬಾಗಿ, "ಇದು ನೇರ ಮೇಲಕ್ಕೆ ಹೋಗ್ತಿದೆ ನೋಡು, ಕಂಬಚಿಗುರು, ತೆಗಿ. ಇದು ಒಳಮುಖ, ತೆಗಿ. ಇವೆರಡೂ ಒಂದೇ ಗಿಣ್ಣಿಂದ ಬಂದಿವೆ, ಒಂದು ಸಾಕು" ಅಂತ ಎರಡು ನಿಮಿಷದಲ್ಲಿ ಮುಗಿಸಿದರು. ಕಲಿಸುವವರು ಬಂದು ನೋಡಿ "ಸರ್ ಮೊದಲೇ ಕಲಿತಿದ್ದೀರಾ?" ಅಂದರು. "ಇಲ್ಲ ಸರ್, ಕಾಫಿ ಕಸಿ ಮಾಡಿಸಿ ಅಭ್ಯಾಸ."

ಕಾಫಿ ಸೀಮೆಯಲ್ಲಿ ಕಸಿ ಅಂದರೆ ಗಿಡದ ಕೊಂಬೆ ಸವರುವುದು. ಆ ಉತ್ತರದಲ್ಲಿ ಉತ್ಪ್ರೇಕ್ಷೆ ಇಲ್ಲ. ಕಾಫಿ ತೋಟದವರಿಗೆ, ವರ್ಷಕ್ಕೆರಡು ಸಲ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡುವ, ಅಂದರೆ ಬಳ್ಳಿ ಸವರುವ, ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ, ಹಿಪ್ಪುನೇರಳೆ ಸವರುವ ರಾಮನಗರ ಕಡೆಯವರಿಗೆ ಬೋನ್ಸಾಯ್‌ನ ಮುಕ್ಕಾಲು ಪಾಲು ಆಗಲೇ ಗೊತ್ತಿರುತ್ತದೆ. ತುದಿ ಕತ್ತರಿಸಿದರೆ ಕೆಳಗಿನ ಕಣ್ಣು (ಚಿಗುರಿನ ಮೊಗ್ಗು) ಒಡೆಯುತ್ತದೆ, ಕಣ್ಣು ಯಾವ ದಿಕ್ಕಿಗಿದೆಯೋ ಕೊಂಬೆ ಆ ದಿಕ್ಕಿಗೆ ಹೋಗುತ್ತದೆ. ಕಾರ್ಯಾಗಾರದಲ್ಲಿ ಇದನ್ನು ಜಪಾನೀ ಹೆಸರುಗಳಲ್ಲಿ ಕೇಳಿ ಬೆರಗಾಗುವ ಪಟ್ಟಣದವರಿಗಿಂತ ಅವರು ಬೇಗ ಕಲಿಯುತ್ತಾರೆ. ಆದರೆ ಅವರನ್ನು ಅಲ್ಲಿ ಕಾಣುವುದೇ ಅಪರೂಪ. ಫೈಕಸ್‌ಗೆ ಲೆಕ್ಕ ಇಷ್ಟೇ: ಚಿಗುರು ಆರೆಂಟು ಎಲೆಯವರೆಗೆ ಬೆಳೆಯಲು ಬಿಟ್ಟು ಎರಡೆಲೆಗೆ ಸವರಿ. ಬೆಳೆಯಲು ಬಿಡದೆ ದಿನಾ ಚಿವುಟಿದರೆ ಗಿಡ ಸೊರಗುತ್ತದೆ. ತುದಿಯ ಕಡೆ ಜೋರು ಜಾಸ್ತಿ, ಹಾಗಾಗಿ ನೆತ್ತಿಯಲ್ಲಿ ಕೈ ಬಿಗಿ, ಕೆಳಕೊಂಬೆಗಳಲ್ಲಿ ಕೈ ಸಡಿಲ. ಕತ್ತರಿಸಿದ ಕಡೆ ಸುರಿಯುವ ಹಾಲಿಗೆ ನೀರು ಚಿಮುಕಿಸಿದರೆ ನಿಲ್ಲುತ್ತದೆ.

ತಟ್ಟೆಗೆ ಹಾಕುವ ಅವಸರದ ಬಗ್ಗೆ ಒಂದು ಮಾತು. ಪೆನ್ಸಿಲ್ ದಪ್ಪದ ಗಿಡವನ್ನು ತಟ್ಟೆಗೆ ಹಾಕಿದರೆ ಅದು ಹತ್ತು ವರ್ಷವಾದರೂ ಹೆಚ್ಚುಕಮ್ಮಿ ಪೆನ್ಸಿಲ್ಲೇ. ಕಾಂಡ ದಪ್ಪವಾಗುವುದು ಮೇಲೆ ಎಷ್ಟು ಎಲೆ ಕೆಲಸ ಮಾಡುತ್ತಿದೆ ಅನ್ನುವುದರಿಂದ. ನೆಲದಲ್ಲೋ ದೊಡ್ಡ ಡ್ರಮ್ಮಿನಲ್ಲೋ ಮೂರರಿಂದ ಐದು ವರ್ಷ ಬಿಟ್ಟು, ಬೇಡದ ಒಂದು ಕೊಂಬೆಯನ್ನು ಬೇಕೆಂದೇ ಆರೇಳು ಅಡಿ ಓಡಲು ಬಿಟ್ಟು, ಅದರ ಕೆಳಗಿನ ಕಾಂಡ ಕೊಬ್ಬಿದ ಮೇಲೆ ಅದನ್ನು ಕತ್ತರಿಸಿ ಎಸೆಯಬೇಕು. ಎತ್ತರ ಕಾಂಡದ ದಪ್ಪದ ಆರು ಪಟ್ಟಿನಷ್ಟಿದ್ದರೆ ಕಣ್ಣಿಗೆ ಮರದ ಹಾಗೆ ಕಾಣುತ್ತದೆ. ಆ ದಪ್ಪ ಬರುವ ಮುಂಚೆ ತಟ್ಟೆಗೆ ಹಾಕುವುದು, ಕಟುವಾಗಿ ಹೇಳುವುದಾದರೆ, ಬಾಲ್ಯವಿವಾಹ.

ತಂತಿ

ತಂತಿಯ ಹೊತ್ತಿನಲ್ಲಿ ಕೋಣೆಯಲ್ಲೊಂದು ಶಬ್ದ ಕೇಳಿಯೇ ಕೇಳುತ್ತದೆ. ಟಕ್. ಎಲ್ಲರೂ ತಿರುಗಿ ನೋಡುತ್ತಾರೆ, ಯಾರದೋ ಮುಖ ಕೆಂಪಾಗಿರುತ್ತದೆ. ಸೀಬೆ, ದಾಳಿಂಬೆ ಬಲಿತ ಕೊಂಬೆಗಳಾದರೆ ಹೀಗೇ, ಬಾಗುತ್ತಿದೆ ಬಾಗುತ್ತಿದೆ ಅನ್ನುವಾಗಲೇ ಮುರಿಯುತ್ತವೆ. ಫೈಕಸ್ ಕ್ಷಮಿಸುತ್ತದೆ. ಅರ್ಧ ಸೀಳಿದ್ದರೆ ಗಾಬರಿಯಾಗದೆ ಹಿಂದಕ್ಕೆ ಒತ್ತಿ ಟೇಪು ಸುತ್ತಿಬಿಟ್ಟರೆ ಬಹಳ ಸಲ ಕೂಡಿಕೊಳ್ಳುತ್ತದೆ.

ಅಲ್ಯೂಮಿನಿಯಂ ತಂತಿ ಒಂದರಿಂದ ಐದಾರು ಮಿಲಿಮೀಟರ್‌ವರೆಗೆ ಸಿಗುತ್ತದೆ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ್ದು ಸಾಕು. ಉದ್ದ ಮಾತ್ರ ಕೊಂಬೆಗಿಂತ ಮೂರನೇ ಒಂದು ಭಾಗ ಹೆಚ್ಚಿರಲಿ. ಒಂದೇ ತಂತಿಯಲ್ಲಿ ಹತ್ತಿರದ ಎರಡು ಕೊಂಬೆ ಹಿಡಿಯಬೇಕು, ನಡುವೆ ಕಾಂಡಕ್ಕೆ ಒಂದು ಸುತ್ತಾದರೂ ಬರಬೇಕು. ಆಸರೆ ಇಲ್ಲದ ತಂತಿ ಕೊಂಬೆಯ ಜೊತೆಗೇ ತಿರುಗುತ್ತದೆ, ಏನನ್ನೂ ಹಿಡಿಯುವುದಿಲ್ಲ. ಸುತ್ತು ನಲವತ್ತೈದು ಡಿಗ್ರಿ ಓರೆಯಲ್ಲಿ, ಒಂದರ ಮೇಲೊಂದು ಹತ್ತದ ಹಾಗೆ. ಬಾಗಿಸುವ ಜಾಗದಲ್ಲಿ ತಂತಿ ಹೊರಮೈಗೆ ಬರಬೇಕು, ಸೀಳು ಬಿಡುವುದು ಅಲ್ಲೇ. ಎರಡೂ ಹೆಬ್ಬೆರಳು ಒಳಮೈಗೆ ಕೊಟ್ಟು ನಿಧಾನ ಒತ್ತಿ. ಇದನ್ನು ಮೊದಲ ಸಲವೇ ಜೀವವಿರುವ ಗಿಡದ ಮೇಲೆ ಮಾಡಿಸುವುದು ಯಾಕೋ ತಿಳಿಯದು. ಬೇಲಿಯಿಂದ ಕತ್ತರಿಸಿ ತಂದ ದಾಸವಾಳದ ಹಸಿ ಕಡ್ಡಿ ಒಬ್ಬೊಬ್ಬರಿಗೆ ನಾಲ್ಕು ಕೊಟ್ಟು ಮುಕ್ಕಾಲು ಗಂಟೆ ಅದರ ಮೇಲೆ ಸುತ್ತಿಸಿದರೆ, ಮುರಿಯುವುದೆಲ್ಲ ಅದರಲ್ಲೇ ಮುರಿದುಹೋಗುತ್ತದೆ.

ತಂತಿ ಬಿಚ್ಚುವ ದಿನಾಂಕವನ್ನು ಕಾರ್ಯಾಗಾರದಲ್ಲಿ ಹೇಳಿದರೂ ಅದು ಮನೆಯ ಕ್ಯಾಲೆಂಡರಿನ ಮೇಲೆ ಬಂದಿರುವುದಿಲ್ಲ. ಮಳೆಗಾಲದಲ್ಲಿ ಫೈಕಸ್ ಐದಾರು ವಾರಕ್ಕೆ ತಂತಿಯನ್ನು ಮೀರಿ ದಪ್ಪಗಾಗುತ್ತದೆ. ಎರಡು ತಿಂಗಳಾದರೆ ತೊಗಟೆಯೊಳಗೆ ಹೂತು ಹಾವು ಸುತ್ತಿದಂಥ ಗುರುತು ಬಿಡುತ್ತದೆ, ಆ ಗುರುತು ಹೋಗಲು ವರ್ಷಗಳು ಬೇಕು. ಬಿಚ್ಚುವಾಗ ಸುರುಳಿ ತಿರುವಿ ಬಿಚ್ಚಬೇಡಿ, ಕಣ್ಣುಗಳು ಉದುರುತ್ತವೆ. ಕಟ್ಟರ್‌ನಿಂದ ಒಂದೊಂದು ಸುತ್ತನ್ನೂ ತುಂಡು ಮಾಡಿ ತೆಗೆಯಿರಿ. ತಂತಿ ಉಳಿಸುವ ಆಸೆಗೆ ಕೊಂಬೆ ಕಳೆದುಕೊಳ್ಳುವ ವ್ಯಾಪಾರ ಬೇಡ.

ಅಶ್ವತ್ಥದ ಪ್ರಶ್ನೆ

ಪ್ರತಿ ಕಾರ್ಯಾಗಾರದಲ್ಲೂ ಯಾರಾದರೂ ಒಬ್ಬರು, ಹೆಚ್ಚಾಗಿ ವಯಸ್ಸಾದವರು, ಚಹಾದ ಹೊತ್ತಿನಲ್ಲಿ ಮೆಲ್ಲಗೆ ಕೇಳುತ್ತಾರೆ: ಅರಳಿ ಮರಾನ ಹಿಂಗೆ ಕತ್ತರಿಸಿ ಮನೇಲಿ ಇಟ್ಕೋಬಹುದಾ? ಪಾಪ ಅಲ್ವಾ? ಅದರ ಬೆನ್ನಿಗೇ ಇನ್ನೊಬ್ಬರು, ಗಿಡಕ್ಕೆ ಹೊಟ್ಟೆಗೆ ಹಾಕದೆ ಕುಳ್ಳ ಮಾಡೋದು ಹಿಂಸೆ ಅಲ್ವಾ ಅನ್ನುತ್ತಾರೆ. ಎರಡನೆಯದಕ್ಕೆ ಉತ್ತರ ಸುಲಭ. ಹೊಟ್ಟೆಗೆ ಹಾಕದಿದ್ದರೆ ಅದು ಕುಳ್ಳಗಾಗುವುದಿಲ್ಲ, ಸಾಯುತ್ತದೆ. ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗೊಬ್ಬರದ ತಿಳಿ, ತಿಂಗಳಿಗೊಮ್ಮೆ ಒಂದು ಚಮಚ ಬೇವಿನ ಹಿಂಡಿ ತಿನ್ನುವ ಈ ಗಿಡದಷ್ಟು ಉಪಚಾರ ರಸ್ತೆಬದಿಯ ಯಾವ ಮರಕ್ಕೂ ಇಲ್ಲ. ಅದು ಚಿಕ್ಕದಾಗಿರುವುದು ತುದಿಯನ್ನೂ ಬೇರನ್ನೂ ಸವರುತ್ತಿರುವುದರಿಂದ. ನಾಳೆ ನೆಲಕ್ಕೆ ನೆಟ್ಟರೆ ಮತ್ತೆ ಮರವಾಗುತ್ತದೆ. ಹಿಂಸೆ ಅನ್ನುವುದಿದ್ದರೆ ಅದು ಕಿಟಕಿ ಇಲ್ಲದ ರಿಸೆಪ್ಷನ್ ಮೇಜಿನ ಮೇಲೆ ಅದನ್ನಿಡುವುದರಲ್ಲಿದೆ.

ಮೊದಲನೆಯ ಪ್ರಶ್ನೆಗೆ ನಂಬಿಕೆಯ ಉತ್ತರ ಅವರವರದ್ದು. ಕಸುಬಿನ ಉತ್ತರ ಬೇರೆ. ಅರಳಿ ಹೊಸಬರಿಗಲ್ಲ. ಎಲೆ ದೊಡ್ಡದು, ತೊಟ್ಟು ಉದ್ದ, ಗಿಣ್ಣಿನಿಂದ ಗಿಣ್ಣಿಗೆ ದೂರ. ಬಸರಿ, ಅತ್ತಿ, ಹುಣಸೆ ಇದಕ್ಕಿಂತ ಬೇಗ ಮಾತು ಕೇಳುತ್ತವೆ. ಹುಣಸೆಯ ಎಲೆ ಹುಟ್ಟುವಾಗಲೇ ಸಣ್ಣದು, ತೊಗಟೆ ಬೇಗ ಒರಟಾಗುತ್ತದೆ, ಬೇರಿನ ಕೆಲಸಕ್ಕೆ ಫೆಬ್ರವರಿ ಮಾರ್ಚ್ ಹದವಾದ ಕಾಲ. ಆದರೂ ಅರಳಿಯೇ ಬೇಕು ಅನ್ನುವವರು ನರ್ಸರಿಗೆ ಹೋಗಬೇಕಾಗಿಲ್ಲ, ತಲೆಯೆತ್ತಿ ನೋಡಿದರೆ ಸಾಕು. ಹಳೆಯ ಕಟ್ಟಡಗಳ ತಾರಸಿ ಮೂಲೆಯಲ್ಲಿ, ಮಳೆನೀರಿನ ಕೊಳವೆಯ ಸಂದಿಯಲ್ಲಿ ಕಾಗೆ ಗಿಣಿಗಳು ಹಾಕಿದ ಬೀಜ ಹುಟ್ಟಿ, ಹಿಡಿ ಮಣ್ಣೂ ಇಲ್ಲದೆ ವರ್ಷಗಟ್ಟಲೆ ನಿಂತ ಅರಳಿ, ಆಲ, ಗೋಣಿ ಇರುತ್ತವೆ. ವರ್ಷಾ ವರ್ಷ ಯಾರೋ ಕತ್ತರಿಸಿ, ಅದು ಮತ್ತೆ ಚಿಗುರಿ, ಬುಡ ಮುಷ್ಟಿ ಗಾತ್ರಕ್ಕೆ ಊದಿಕೊಂಡಿರುತ್ತದೆ. ನರ್ಸರಿಯಲ್ಲಿ ಹತ್ತು ವರ್ಷಕ್ಕೂ ಸಿಗದ ಬುಡ ಅದು. ಮನೆಯವರು ಗೋಡೆ ಒಡೆಯುತ್ತದೆ ಅಂತ ಆಸಿಡ್ ಸುರಿಯುವ ಮುಂಚೆ ಅವರನ್ನು ಕೇಳಿ, ಮೊದಲ ಮಳೆ ಬಿದ್ದ ಮೇಲೆ, ಉಳಿ ಸುತ್ತಿಗೆಯಿಂದ ಗಾರೆ ಬಿಡಿಸಿ ಸಿಕ್ಕಷ್ಟು ಬೇರಿನ ಸಮೇತ ತೆಗೆಯಬಹುದು. ಬೇರು ಮೂರೇ ಎಳೆ ಬಂದರೂ ಎಲೆಗಳನ್ನೆಲ್ಲ ತೆಗೆದು, ದಪ್ಪ ಮರಳು ಮತ್ತು ಇಟ್ಟಿಗೆ ಚೂರಿನಲ್ಲಿ ನೆಟ್ಟು, ಮೇಲೊಂದು ಪ್ಲಾಸ್ಟಿಕ್ ಕವರು ಮುಚ್ಚಿ ನೆರಳಲ್ಲಿಟ್ಟರೆ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತದೆ. ಪಾಪದ ಲೆಕ್ಕ ಕೇಳಿದವರಿಗೆ ಇದನ್ನು ಹೇಳಿದರೆ ಮುಖ ಅರಳುತ್ತದೆ.

ಹಿರೋಶಿಮಾದ ಯಾಮಾಕಿ ಎಂಬ ಮನೆತನದ ಒಂದು ಬಿಳಿ ಪೈನ್ 1625ರಿಂದ ಕುಂಡದಲ್ಲಿದೆ. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರಿನಲ್ಲಿ, ಗೋಡೆಯೊಂದರ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಆ ಮನೆಯವರು ಅದನ್ನು ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. ಬಾಂಬಿನ ಕಥೆ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ಮರ ನೋಡಲು ವಾಷಿಂಗ್ಟನ್ನಿಗೆ ಹೋದಾಗ. ಎಲ್ಲರೂ ಬಾಂಬಿನ ಬಗ್ಗೆ ಬರೆಯುತ್ತಾರೆ. ಕಸುಬು ಗೊತ್ತಿದ್ದವರಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬಾಂಬು ಬಿದ್ದ ಮಾರನೇ ದಿನ. ಆ ಆಗಸ್ಟಿನ ಬಿಸಿಲಿನಲ್ಲಿ, ಆ ಊರಿನಲ್ಲಿ, ಅದಕ್ಕೆ ಯಾರೋ ನೀರು ಹಾಕಿದ್ದಾರೆ.

ಎರಡನೇ ಭಾನುವಾರ

ಕಾರ್ಯಾಗಾರ ನಡೆಸುವವರು ಒಂದನ್ನು ಎರಡು ಮಾಡಿದರೆ ಅರ್ಧ ಗಿಡ ಉಳಿದಾವು. ಮೊದಲ ಭಾನುವಾರ ಬುಡ ಹುಡುಕುವುದು, ಬೇರು, ಮಣ್ಣು, ಕಟ್ಟುವುದು ಮಾತ್ರ. ಬೇಡವೇ ಬೇಡ ಅನ್ನುವ ಕೊಂಬೆ ಬಿಟ್ಟರೆ ಮೇಲೆ ಕೈ ಹಾಕಬಾರದು. ಬೇಕಿದ್ದರೆ ತಂತಿ ಸುತ್ತುವುದನ್ನು ದಾಸವಾಳದ ಕಡ್ಡಿಯ ಮೇಲೆ ಕಲಿಸಲಿ. ಎರಡನೆಯದು ಎರಡೂವರೆ ತಿಂಗಳ ನಂತರ, ಅವರವರ ಗಿಡ ಹಿಡಿದುಕೊಂಡೇ ಬರಬೇಕು. ಆಗ ತಂತಿ. ಗಿಡ ಉಳಿಯದವರೂ ಬರಬೇಕು, ಸತ್ತದ್ದನ್ನು ಕುಂಡದ ಸಮೇತ ತಂದು ಎಲ್ಲರ ಮುಂದೆ ಬೇರು ಬಿಡಿಸಿ ನೋಡಬೇಕು. ಕೊಳೆತ ಬೇರು ಯಾವ ಬಣ್ಣ, ಯಾವ ವಾಸನೆ ಅನ್ನುವುದನ್ನು ಒಮ್ಮೆ ಮೂಗಿನಿಂದ ಕಲಿತವರು ಮರೆಯುವುದಿಲ್ಲ. ಗುಂಪು ಫೋಟೋ ಅವತ್ತು ತೆಗೆಯಲಿ. ಒಬ್ಬೊಬ್ಬರಿಗೆ ಒಂದೇ ಜಾತಿಯ ಎರಡು ಗಿಡ ಕೊಡುವುದು ಇನ್ನೂ ಒಳ್ಳೆಯದು. ಒಂದನ್ನು ಕವರಿನಲ್ಲೇ ಬಿಟ್ಟು ಪಕ್ಕದಲ್ಲಿಟ್ಟುಕೊಂಡರೆ ತಟ್ಟೆಯಲ್ಲಿರುವುದಕ್ಕೆ ಏನಾಗುತ್ತಿದೆ ಅನ್ನುವುದು ತಾನಾಗಿ ಕಾಣುತ್ತದೆ.

ಅಲ್ಲಿಯವರೆಗೆ, ಒಂದೇ ಭಾನುವಾರ ಎಲ್ಲ ಮಾಡಿಸಿಕೊಂಡು ಬಂದವರಿಗೆ: ಮೊದಲ ಎರಡು ಮೂರು ವಾರ ಶೇಡ್ ನೆಟ್ ಕೆಳಗೆ ಅಥವಾ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ, ಗಾಳಿಯ ಹೊಡೆತ ಬೇಡ. ಒಂದೂವರೆ ತಿಂಗಳು ಗೊಬ್ಬರ ಬೇಡ, ಬೇರಿಲ್ಲದ ಗಿಡಕ್ಕೆ ಅದು ಉಪ್ಪು ಸುರಿದ ಹಾಗೆ. ಬಿಳಿ ಕಲ್ಲು ತೆಗೆದುಹಾಕಿ, ಪಾಚಿಯನ್ನೂ ಅರ್ಧ ಕಿತ್ತುಬಿಡಿ, ಇಲ್ಲದಿದ್ದರೆ ಕೆಳಗಿನ ಮಣ್ಣು ಒಣಗಿದೆಯೋ ಇಲ್ಲವೋ ಕಾಣುವುದಿಲ್ಲ. ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದರೆ ಕುಂಡ ಖಾಲಿ ಮಾಡುವ ಮುಂಚೆ ತೊಗಟೆಯನ್ನು ಉಗುರಿನಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಪಸೆ ಇದ್ದರೆ ಜೀವ ಇದೆ. ಆಗ ಪಾಪ ಅಂತ ಹೆಚ್ಚು ನೀರು ಹಾಕುವುದೇ ಕೊನೆಯ ತಪ್ಪು. ಕುಡಿಯಲಿಕ್ಕೆ ಎಲೆಯೇ ಇಲ್ಲ, ಮೊದಲಿನ ಕಾಲು ಭಾಗವೂ ಬೇಕಾಗುವುದಿಲ್ಲ. ಕಡ್ಡಿ ಚುಚ್ಚಿ ನೋಡಿ, ಮೇಲಿನ ಒಂದಿಂಚು ಒಣಗಿದ ಮೇಲೆ ಹಾಕಿ, ನೆರಳಲ್ಲಿ ಬಿಡಿ. ಫೈಕಸ್ ಆದರೆ ಐದಾರು ವಾರದಲ್ಲಿ ಎಲೆ ಇದ್ದ ಜಾಗದಲ್ಲಲ್ಲ, ಬೋಳು ಕಾಂಡದ ಮೇಲೆ ನೀವು ನೆನೆಸಿರದ ಕಡೆ ಅಕ್ಕಿಕಾಳಿನಷ್ಟು ದಪ್ಪದ ಕಣ್ಣು ಮೂಡುತ್ತದೆ. ಅದನ್ನು ಮುಟ್ಟಬೇಡಿ.